ಬಸಪ್ಪನ ಕರಡಿಗೆ

ಗೌರಕ್ಕ, ನಿನ್ನ ಗಂಡ ಬಸಪ್ಪ ಸತ್ತದ್ದನ್ನು ನಾನು ನೋಡಿಲ್ಲ. ಅವನನ್ನು ಜೀವಂತ ಬಿಟ್ಟು ಬಂದವನು ನಾನು. ಈ ಒಂದು ಮಾತು ಹೇಳಲು ನನಗೆ ಎಂಟು ವರ್ಷ ಬೇಕಾಯಿತು.

ಇಬ್ಬರೂ ಒಂದೇ ಹಡಗಿನ ಅಡುಗೆಮನೆಯಲ್ಲಿದ್ದೆವು. ಮೊಂಬಾಸಾದಲ್ಲಿ ಇಳಿದಾಗ, ಪ್ರವಾಸಿಗರು ಅಡ್ಡಾಡುವ ಕೋಟೆಯ ಬೀದಿ ದಾಟಿ ಹೋಗಬೇಡಿ ಎಂದು ಹಡಗಿನವರು ಹೇಳಿದ್ದರು. ಆಚೆಯ ಸಂತೆಯಲ್ಲಿ ರಾಗಿ ಸಿಗುತ್ತದಂತೆ ಎಂದು ಆಸೆ ಹಚ್ಚಿದವನು ನಾನೇ. ಮುದ್ದೆ ಉಂಡು ಏಳು ತಿಂಗಳಾಗಿತ್ತು — ನಮ್ಮ ತಾಳವಾಡಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ತಗಡಿನ ಮನೆಗಳು, ಇಕ್ಕಟ್ಟಾದ ಓಣಿಗಳು, ಮೈಗೆ ಮೈ ತಾಗುವ ಜನ. ಬಸಪ್ಪನಿಗೆ ಕಳ್ಳರ ಭಯ ಹತ್ತಿತು. ಎಂದೂ ಕೊರಳಿನಿಂದ ತೆಗೆಯದ ಲಿಂಗವನ್ನು ಬೆಳ್ಳಿ ಕರಡಿಗೆ ಸಮೇತ ಬಿಚ್ಚಿ, ಊರೊಳಗೆ ಇಳಿಯಲು ಕೊಟ್ಟಿದ್ದ ತನ್ನ ಬಂದರಿನ ಪಾಸಿನ ಜೊತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನನ್ನ ಅಂಗಿಗೆ ಒಳಜೇಬಿತ್ತು.

"ಹಡಗು ಅತ್ತೋಗಂಟ ನೀನೇ ಮಡಿಕೊ ಕಣ್ಲಾ."

ಅವನು ರಾಗಿ ಅಳೆಸಿಕೊಳ್ಳುತ್ತಿದ್ದಾಗ ಪೊಲೀಸರು ಬಂದು ಕಾಗದ ಕೇಳಿದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಹೋಗಿ ಪಾಸು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾನೂ ಸಿಕ್ಕಿಬಿದ್ದರೆ — ಹಡಗು ತಪ್ಪಿದರೆ — ಕೆಲಸ ಹೋದರೆ... ಓಣಿ ಎರಡೂ ಕಡೆ ಮುಚ್ಚಿಕೊಂಡಂತಾಯಿತು. ಅವನು ನನ್ನತ್ತ ನೋಡಿದ.

"ಬುಟ್ಟೋಗ್ಬ್ಯಾಡ ಕಣ್ಲಾ ರಂಗ."

ನಾನು ಓಡಿದೆ.

ಅವನೇ ತಪ್ಪಿಸಿಕೊಂಡು ಹೋದ ಎಂದು ಹಡಗಿನಲ್ಲಿ ಹೇಳಿದೆ. ಅದೇ ಸುಳ್ಳನ್ನು ಹೊತ್ತು ನಿಮ್ಮೂರು ಗೆಟ್ಟವಾಡಿಗೂ ಬಂದೆ. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಮಾವ ನನ್ನ ಕೈಲಿದ್ದ ಬಟ್ಟೆಯ ಗಂಟು ಬಿಚ್ಚಿ ಕರಡಿಗೆ ನೋಡಿದರು. "ಜೀವ ಇದ್ದಿದ್ರೆ ಇದ ಬುಡ್ತಿದ್ನಾ ನನ್ ಮಗ" ಎಂದು ಕುಸಿದರು. ನಾನು ತಲೆ ತಗ್ಗಿಸಿದೆ, ಅಷ್ಟೇ. ಸತ್ತವನ ಬಗ್ಗೆ ಯಾರೂ ಹೆಚ್ಚು ಕೇಳುವುದಿಲ್ಲ ಎಂಬ ಸಮಾಧಾನವೂ ಆಯಿತು — ಥೂ ನನ್ನ ಜನ್ಮಕ್ಕೆ. ಹೆಣವಿಲ್ಲದೆ ಲಿಂಗವನ್ನೇ ಹೊಲದ ಮೂಲೆಯಲ್ಲಿ ಸಮಾಧಿ ಮಾಡಿದರು. ಆ ಗುಂಡಿಗೆ ನಾನೂ ಮಣ್ಣು ಹಾಕಿದೆ. ಅವತ್ತೇ ನಿನ್ನ ತಾಳಿ ತೆಗೆದರು.

ಬದುಕಿದ್ದರೆ ಕಾಗದ ಬರೆಯುತ್ತಿರಲಿಲ್ಲವೇ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಆದರೆ ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಗೌರಕ್ಕ. ಹಡಗಿನಿಂದ ನಿನಗೆ ಬಂದ ಕಾಗದಗಳನ್ನೆಲ್ಲ ಬರೆದವನು ನಾನು.

ಎಂಟು ವರ್ಷದಿಂದ ಗೆಟ್ಟವಾಡಿ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೇನೆ. ಆ ಓಣಿಯಿಂದ ಇನ್ನೂ ಹೊರಬರಲು ಆಗಿಲ್ಲ.

ಅವನ ಪಾಸನ್ನು ಮಾತ್ರ ನಾನು ಯಾರಿಗೂ ಕೊಟ್ಟಿರಲಿಲ್ಲ. ಫೋಟೋದಲ್ಲಿ ಅವನ ಕೊರಳಿನ ಶಿವದಾರ ಕಾಣುತ್ತದೆ. ನಾಳೆ ಅದನ್ನು ತಂದು, ಈ ಕಾಗದವನ್ನು ನಿನ್ನ ಮತ್ತು ನಿನ್ನ ಮಾವನ ಎದುರು ನಾನೇ ಓದುತ್ತೇನೆ. ನನಗೆ ಕೂರು ಎನ್ನಬೇಡ.