ಖಾಕಿ ಅಂಗಿ, ಎರಡು ನಿಶಾನಿ

ನೌಕರಿ ಸಿಗುವ ಮೊದಲೇ ಖಾಕಿ ತೊಟ್ಟವನು ನಮ್ಮ ಚಿಮ್ಮನಚೋಡದಲ್ಲಿ ನಾನೊಬ್ಬನೇ ಇರಬೇಕು. ನಾನಾಗಿ ಹೊಲಿಸಿದ್ದಲ್ಲ, ಹೊಲಿದು ಕೊಟ್ಟರು ಎಂದು ಈಗಲೂ ವಾದ ಮಾಡುತ್ತೇನೆ. ಆದರೆ ಅದನ್ನು ತೊಟ್ಟು, ನೀರು ಸೇದುವ ಕೆಲಸವಿಲ್ಲದಿದ್ದರೂ ಬಾವಿಯ ತನಕ ಅಡ್ಡಾಡಿ ಬಂದವನು ನಾನೇ.

ಕೆಲಸ ರೈಲ್ವೆಯಲ್ಲಿ ಸಿಗ್ನಲ್ ಎಳೆಯುವುದು. ಬರೆಯುವ ಪರೀಕ್ಷೆ ಮುಗಿದು ಆಯ್ಕೆಯೂ ಆಗಿತ್ತು. ದವಾಖಾನೆಯ ತಪಾಸಣೆಯೊಂದೇ ಬಾಕಿ. ಜೋಳದ ಚೀಲ ಹೊತ್ತು ಓಡುವ ಹುಡುಗನಲ್ಲಿ ಡಾಕ್ಟರು ಏನು ಹುಳುಕು ಹುಡುಕಿಯಾರು ಎಂದು ಓಣಿಯವರೆಲ್ಲ ನೌಕರಿ ಸಿಕ್ಕೇಬಿಟ್ಟಿತೆಂದು ತಿಳಿದರು. ಅಪ್ಪ ಇರಲಿಲ್ಲ. ಅವ್ವ ಊರವರ ಹಳೆ ಸೀರೆಗಳಿಂದ ಕೌದಿ ಹೊಲಿದು ನನ್ನನ್ನು ಓದಿಸಿದ್ದಳು. ಪಕ್ಕದ ಮನೆಯ ದರ್ಜಿ ಚಾಚಾ ಒಂದು ಜೊತೆ ಖಾಕಿ ಹೊಲಿದು ತಂದು, "ನಮ್ಮ ಓಣಿದಾಗ ರೈಲ್ವೆ ನೌಕರಿ ಇದೇ ಮೊದಲು. ತೊಟ್ಕೊಂಡು ತೋರ್ಸು ಬೇಟಾ" ಅಂದರು. ಕಾಲರನ್ನು ಎಳೆದು ಸರಿಮಾಡಿ, ದೂರ ನಿಂತು ನೋಡಿ, ಮತ್ತೆ ಬಂದು ಸರಿಮಾಡಿದರು.

ಅವ್ವ ನನಗೆ ರೂಢಿಯಾಗಲಿ ಎಂದು ರೈಲಿಗೆ ತೋರಿಸುವ ಬಾವುಟದಂಥ ಎರಡು ನಿಶಾನಿ ಹೊಲಿದಳು, ಒಂದು ಕೆಂಪು, ಒಂದು ಹಸಿರು. ಹಸಿರಿನ ಮೂಲೆಗೆ ಚಿಂದಿ ಮಡಚಿ ಒಂದು ಗಂಟು ಹಾಕಿದ್ದಳು. ಕೌದಿಯ ಮೂಲೆಗೆ ಹಾಕುವ ಚಾಳಿ ಇಲ್ಲಿಗೂ ಬಂತೆಂದು ನನಗೆ ಸಿಟ್ಟು ಬಂತು.

"ಸರ್ಕಾರಿ ನಿಶಾನಿಗಿ ಗಂಟು ಇರಂಗಿಲ್ಲವ್ವ. ಮಂದಿ ನಗ್ತಾರ."

"ನಕ್ಕರ ನಗ್ಲಿ. ನೀ ಮಾತ್ರ ಬಿಚ್ಚಬ್ಯಾಡ" ಅಂದಳು.

ಕೆಂಪಿಗೆ ಯಾಕೆ ಹಾಕಲಿಲ್ಲ ಎಂದು ಕೇಳುವಷ್ಟು ವ್ಯವಧಾನ ನನಗೆಲ್ಲಿಯದು?

ತಪಾಸಣೆಗೆ ಮೊದಲು ವಾಡಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದೆ. ಅಕ್ಕನ ಗಂಡ ಅಲ್ಲಿಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸಕ್ಕಿದ್ದರು. ನಾನು ಮಾವ ಅನ್ನುತ್ತಿದ್ದೆ. ಮೇಲಿನವರನ್ನು ಕೇಳಿಕೊಂಡು ಒಂದು ದಿನ ನನ್ನನ್ನು ಕ್ಯಾಬಿನ್ ಹತ್ತಿಸಿದರು. ಉದ್ದನೆಯ ಲಿವರುಗಳು ಸಾಲಾಗಿ ನಿಂತಿದ್ದವು. ಅವನ್ನು ಬರಿಗೈಯಲ್ಲಿ ಯಾರೂ ಮುಟ್ಟುವುದಿಲ್ಲ. ಬೆವರು ತಾಗಿದರೆ ಹಿಡಿಕೆಗೆ ತುಕ್ಕು ಹಿಡಿಯುತ್ತದೆಂದು ಒಂದು ಬಟ್ಟೆ ಸುತ್ತಿ ಎಳೆಯುತ್ತಾರೆ. ಮಾವ ಹಾಗೆ ಎಳೆದಾಗ ದೂರದ ಕಂಬದ ಮೇಲೆ ಅಡ್ಡ ಚಾಚಿದ್ದ ಕೈ ದಡಕ್ಕನೆ ಕೆಳಗೆ ವಾಲಿತು. ಕೈ ಅಡ್ಡ ಇದ್ದರೆ ನಿಲ್ಲು, ವಾಲಿದರೆ ಹೋಗು. ಇಷ್ಟೇನಾ ಸಿಗ್ನಲ್ ಎಂದುಕೊಂಡೆ.

ಸಂಜೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಮಾವ ಗಾರ್ಡಿನ ಹಾಗೆ ನಿಂತು, "ಲಾಲ್" ಅಂದರೆ ಕೆಂಪು, "ಹರಾ" ಅಂದರೆ ಹಸಿರು ನಿಶಾನಿ ನಾನು ಎತ್ತಬೇಕು. ಒಂದು ಸಲವೂ ತಪ್ಪಲಿಲ್ಲ. "ಇವನ ಕೈಯಾಗ ಬುದ್ಧಿ ಅದ ನೋಡು" ಎಂದು ಮಾವ ಅಕ್ಕನಿಗೆ ಹೇಳಿದರು. ನಾನು ಉಬ್ಬಿಹೋದೆ.

ವಾಡಿಯಿಂದ ರೈಲು ಹತ್ತಿ ರೈಲ್ವೆ ದವಾಖಾನೆಗೆ ಖಾಕಿಯಲ್ಲೇ ಹೋದೆ. ಉಳಿದ ಹುಡುಗರೆಲ್ಲ ಸಾದಾ ಅಂಗಿಯಲ್ಲಿ ಬಂದಿದ್ದರು. ಅಲ್ಲಿಯ ಜವಾನ ನನ್ನನ್ನು ಹಳೆ ನೌಕರನೆಂದು ತಿಳಿದು ಬೇರೆ ಸಾಲಿಗೆ ಕಳಿಸಿದ. ತೂಕ, ಎದೆ, ಕಿವಿ ಎಲ್ಲ ಪಾಸಾಯಿತು. ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿ, ಎದುರಿನ ಗೋಡೆಯ ಹತ್ತಿರ ಸಣ್ಣದೊಂದು ದೀಪ ಹಚ್ಚಿ, "ಯಾವ ಬಣ್ಣ?" ಎಂದು ಡಾಕ್ಟರು ಕೇಳಿದರು.

"ಕೈ ಎಲ್ಲದರಿ ಸಾಹೇಬ್ರ?" ಅಂದೆ.

"ಯಾವ ಕೈ?"

"ಸಿಗ್ನಲ್ದು ರೀ."

"ರಾತ್ರಿ ಕೈ ಕಾಣ್ತದೇನಪ್ಪ? ದೀಪ ನೋಡಿ ಹೇಳು."

ನನಗೆ ಕಂಡದ್ದು ದೀಪ, ಅಷ್ಟೇ. ಕೆಂಪು ಅಂದೆ. ಮತ್ತೊಂದು ಹಚ್ಚಿದರು, ಅದೂ ಹಾಗೇ ಇತ್ತು, ಹಸಿರು ಅಂದುಬಿಟ್ಟೆ. ಬಣ್ಣವೆಂದರೆ ವಸ್ತು ನೋಡಿ ಹೇಳುವ ಹೆಸರು ಎಂದೇ ನಾನು ಅಲ್ಲಿಯವರೆಗೆ ನಂಬಿದ್ದೆ. ಎಲೆ ಹಸಿರು, ಕುಂಕುಮ ಕೆಂಪು, ಎಲ್ಲರೂ ಹಾಗೇ ಹೇಳುತ್ತಾರೆ ಎಂದುಕೊಂಡಿದ್ದೆ. ಕತ್ತಲಲ್ಲಿ ಎಲೆಯೂ ಇರಲಿಲ್ಲ, ಕುಂಕುಮವೂ ಇರಲಿಲ್ಲ. ಡಾಕ್ಟರು ಬೈಯಲಿಲ್ಲ. ಕಿಟಕಿ ತೆರೆದು, ಹೆಗಲ ಮೇಲೆ ಕೈಯಿಟ್ಟು, ಈ ಕಣ್ಣಿಗೆ ಔಷಧ ಇಲ್ಲ, ಈ ಕೆಲಸ ನಿನಗೆ ಆಗುವುದಿಲ್ಲ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ವಾಪಸು ಬರುವಾಗ ವಾಡಿಯಲ್ಲಿ ಇಳಿಯುವ ಧೈರ್ಯವಾಗದೆ, ನಮ್ಮೂರ ಬಸ್ಸು ಸಿಗುವ ಸೇಡಂ ಕಡೆಗೇ ಹೊರಟೆ. ಚಿತ್ತಾಪುರ ದಾಟಿ ರೈಲು ಸುಮ್ಮನೆ ನಿಂತಿತು. ಎದುರಿಗೆ ಕೂತಿದ್ದ ಮುದುಕರು ನನ್ನ ಖಾಕಿ ನೋಡಿ, "ಸಿಗ್ನಲ್ ಯಾಕ ಬಿದ್ದಿಲ್ರಿ ಸಾಹೇಬ್ರ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನಾನು ರೈಲ್ವೆಯವನಲ್ಲ ಎನ್ನಲು ಬಾಯಿ ಬರಲಿಲ್ಲ. "ಬೀಳ್ತದ, ಕುಂದ್ರಿ" ಅಂದೆ. ನಾನು ಮಾಡಿದ ರೈಲ್ವೆ ನೌಕರಿ ಅಷ್ಟೇ. ಸೇಡಂ ಬರುವ ತನಕ ಅವರ ಮುಖ ನೋಡಲಾಗದೆ ಕಿಟಕಿಯ ಹೊರಗೆ ತಲೆ ಹಾಕಿ ಕೂತೆ. ಬಸ್ಸು ಹತ್ತುವ ಮೊದಲು ಖಾಕಿ ಬಿಚ್ಚಿ ಚೀಲಕ್ಕೆ ತುರುಕಿದೆ. ಚಾಚಾರ ಅಂಗಡಿಯ ಮುಂದೆ ಹಾಯುವುದು ತಪ್ಪಲೆಂದು ಊರ ಹಿಂದಿನಿಂದ ಸುತ್ತು ಹಾಕಿ ಮನೆ ಸೇರಿದೆ.

ಅವ್ವ ಕೌದಿ ಹಾಸಿಕೊಂಡು ಕೂತಿದ್ದಳು. ನಡೆದದ್ದು ಹೇಳಿದೆ. ಅವಳು ಬೆಚ್ಚಿಬೀಳಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ತಗ್ಗಿಸಿದಳು.

"ನಿಮ್ಮಜ್ಜಗೂ ಹಿಂಗೇ ಇತ್ತು. ಸಣ್ಣಾಂವ ಇದ್ದಾಗ ಹಣ್ಣ ಮೆಣಸಿನಕಾಯಿ ಹರ್ಕೊಂಡು ಬಾ ಅಂದ್ರ ನೀ ಹಸರು ಕಾಯೀನೂ ಕೂಡೇ ತಂದಿದ್ದಿ. ಅವತ್ತೇ ಗೊತ್ತಾತು ನನಗ."

"ನಮ್ಮಕ್ಕಗ?"

"ಅಕಿಗೂ ಗೊತ್ತದ."

ನನ್ನ ಕಣ್ಣಿನ ಸುದ್ದಿ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿರಲಿಲ್ಲ. ನಾಚಿಕೆ ಸಿಟ್ಟಾಗಿ ಬಾಯಿಗೆ ಬಂತು.

"ಗೊತ್ತಿದ್ದೂ ಯಾಕ ಕಳಿಸಿದಿ ಮತ್ತ?"

"ಪರೀಕ್ಷಾದಾಗ ಈ ನಿಶಾನಿನೇ ನಿನ್ನ ಕೈಯಾಗ ಹಿಡಸ್ತಾರಂತ ತಿಳ್ಕೊಂಡಿದ್ದೆ ಯಪ್ಪಾ" ಅಂದಳು.

ಚೀಲದಿಂದ ನಿಶಾನಿಗಳನ್ನು ತೆಗೆದೆ. ಹಸಿರನ್ನಾದರೂ ಅವಳಿಗೆ ಮರಳಿ ಕೊಡೋಣ, ಯಾವುದಾದರೂ ಕೌದಿಗೆ ಬಂದೀತು ಅನ್ನಿಸಿತ್ತು. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ನನ್ನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಬಟ್ಟೆಯ ಮೂಲೆಗಳಲ್ಲಿ ಗಂಟು ಹುಡುಕುತ್ತಿತ್ತು.