ಮಿಥೈಲ್ ಎಂಬ ಚೀಟಿ

ಇದನ್ನು ಬರೆಯಲೆಂದು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ಹೋದ ವಾರ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. ಅಂದಿನಿಂದ ಅನ್ನ ಸೇರುತ್ತಿಲ್ಲ.

ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ನನ್ನ ಮೊಣಕಾಲಿಗೆ ಮುಲಾಮು ತಿಕ್ಕುತ್ತ ಅವಳು ಟ್ಯೂಬಿನ ಮೇಲಿನ ಅಕ್ಷರಗಳನ್ನು ಕೂಡಿಸಿ ಓದಿದಳು.

"ಅಜ್ಜಾ, ಮಿಥೈಲ್ ಅಂದ್ರ ಏನು?"

ಅವಳಿಗೆ ಎಂಟು ವರ್ಷ, ತಮ್ಮನಿಗೆ ಆರು. ನಾನು ಓದಿದ್ದು ಹೈಸ್ಕೂಲಷ್ಟೆ. ಆದರೆ ಇಲ್ಲಿನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿ ಬಾಟಲಿ ತೊಳೆದು, ಚೀಟಿ ಹಚ್ಚಿ ಇಷ್ಟು ಕಲಿತಿದ್ದೆ.

ಚಪಾತಿ ಹಿಟ್ಟಿನ ಉಂಡೆಗೆ ನಾಲ್ಕು ಕಸಬರಿಗೆ ಕಡ್ಡಿ ಚುಚ್ಚಿ, ಮೂರರ ತುದಿಗೆ ನೆನೆಸಿದ ಕಡಲೆ ಸಿಕ್ಕಿಸಿದೆ. ಉಂಡೆ ಕಾರ್ಬನ್, ಕಡಲೆ ಹೈಡ್ರೋಜನ್, ಕಡ್ಡಿಗಳು ಕೈ ಎಂದೆ. ನಾಲ್ಕನೆಯ ಕೈ ಯಾಕೆ ಖಾಲಿ ಎಂದು ಹುಡುಗ ಕೇಳಿದ. ಬೇರೆಯವರನ್ನು ಹಿಡಿದುಕೊಳ್ಳಲು ಎಂದೆ. ಆ ಕೈಗೆ ಇನ್ನೊಂದು ಉಂಡೆ ಸೇರಿಸಿ, ಎರಡು ಕಡಲೆ ಕೊಟ್ಟು, ಒಂದು ಕೈ ಖಾಲಿ ಬಿಟ್ಟರೆ ಈಥೈಲ್. ಇವೆರಡರ ಆಲ್ಕೊಹಾಲೂ ನೋಡಲು ನೀರಿನಂತೆಯೇ, ಬಾಟಲಿಯ ಚೀಟಿ ಓದಿಯೇ ಗುರುತು ಹಿಡಿಯಬೇಕು. ಮಿಥೈಲಿನದು ಕುಡಿದರೆ ಕಣ್ಣು ಹೋಗುತ್ತದೆ ಎಂದೂ ಹೇಳಿದೆ.

"ಹಂಗಾದ್ರ ಚೀಟಿ ಅದಲುಬದಲಾದ್ರ ಯಾರು ಬೈಸ್ಕೋತಾರ?"

ಕೇಳಿದವಳು ಮೊಮ್ಮಗಳು. "ಹಚ್ಚಿದವ್ರು," ಎಂದೆ.

ಹಚ್ಚಿದವನು ನಾನು. ಲ್ಯಾಬಿನಲ್ಲಿ ಒಮ್ಮೆ ಮಿಥೈಲ್, ಈಥೈಲ್ ಬಾಟಲಿಗಳಿಂದ ಒದ್ದೆಯಾಗಿ ಕಿತ್ತುಬಂದ ಎರಡು ಚೀಟಿಗಳನ್ನು ಮನೆಗೆ ಹೋಗುವ ಅವಸರದಲ್ಲಿ ಅದಲುಬದಲು ಅಂಟಿಸಿದ್ದೆ. ಮರುದಿನ ಹುಡುಗರು ಈಥೈಲ್ ಎಂದುಕೊಂಡು ಅಯೋಡಿನ್ ಪರೀಕ್ಷೆ ಮಾಡಿದರು. ಈಥೈಲ್ ಇದ್ದರೆ ಬರಬೇಕಾದ ಹಳದಿ ಯಾರ ಪ್ರನಾಳದಲ್ಲೂ ಬರಲಿಲ್ಲ. ಯಾರಿಗೂ ಅಪಾಯವಾಗಲಿಲ್ಲ. ಆದರೂ ಲ್ಯಾಬಿನ ಸಾಹೇಬರು ಕರೆಸಿದಾಗ ನನ್ನ ನಾಲಿಗೆ ತಾನಾಗಿ ಹೊರಳಿತು: ಕಪಾಟು ಒರೆಸುವಾಗ ಕಸಗುಡಿಸುವವಳು ಹಚ್ಚಿರಬೇಕು, ಅವಳಿಗೆ ಓದು ಬರುವುದಿಲ್ಲ.

ಅವಳನ್ನು ಕರೆಸಿದರು. ಸೇಡಂ ಕಡೆಯಿಂದ ಆಗಷ್ಟೇ ಬಂದವಳು, ಕನ್ನಡ ಬಿಟ್ಟು ಬೇರೆ ಬಾರದು. ಸಾಹೇಬರಿಗೆ ತೆಲುಗಿನಲ್ಲಿ ತಿಳಿಸಬೇಕಾದವನು ನಾನೇ.

"ನಾ ಬಾಟ್ಲಿ ಮುಟ್ಟಿಲ್ರಿ. ಅಣ್ಣಾರ್ನ ಕೇಳ್ರಿ, ಅವ್ರಿಗೆ ಎಲ್ಲಾ ಗೊತ್ತೈತಿ."

ತನಗೆ ನೆನಪಿಲ್ಲ ಅನ್ನುತ್ತಿದ್ದಾಳೆ ಎಂದು ನಾನು ತೆಲುಗಿನಲ್ಲಿ ಹೇಳಿದೆ. ನಾನು ಸರಿಯಾಗಿ ಹೇಳುತ್ತಿದ್ದೇನೆ ಎಂದು ನಂಬಿ ಅವಳು ತಲೆಯಾಡಿಸಿದಳು. ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದರು. ಅದನ್ನೂ ಅವಳಿಗೆ ಕನ್ನಡದಲ್ಲಿ ನಾನೇ ಹೇಳಿದೆ.

ಹಿಟ್ಟಿನ ಉಂಡೆ ಒಣಗಿ ಬಿರಿದಿದೆ. ಮಕ್ಕಳು ಎಸೆಯಲು ಬಿಡುತ್ತಿಲ್ಲ. ಮೊಮ್ಮಗಳಿಗೆ ನಿಜ ಹೇಳಬೇಕು, ಹೇಳಿದರೆ ನನ್ನನ್ನು ಹೇಗೆ ನೋಡುತ್ತಾಳೋ ಎಂಬ ಭಯ. ಆದರೆ ತಪ್ಪಾಯಿತು ಎಂದು ಮೊದಲು ಹೇಳಬೇಕಿದ್ದದ್ದು, ನಮ್ಮ ಲ್ಯಾಬು ಗುಡಿಸುತ್ತ ನನ್ನನ್ನು ಅಣ್ಣಾರ ಎನ್ನುತ್ತಿದ್ದ ಆ ತಂಗಿಗೆ.