ಕೌದಿಯ ನಾಲ್ಕನೆಯ ಮೂಲೆ

ಮೊನ್ನೆ ಹಾನಗಲ್ಲಿನ ಮಹಿಳಾ ಮಂಡಳದ ಇಬ್ಬರು ಹುಡುಗಿಯರು ಮನೆಗೆ ಬಂದು, ಕೌದಿಗಳ ಸ್ಪರ್ಧೆ ಇಟ್ಟಿದ್ದೇವೆ, ನಿರ್ಣಾಯಕರಾಗಿ ನೀವೇ ಬರಬೇಕು ಎಂದು ಅರ್ಜಿಯ ಹಾಳೆಯೊಂದನ್ನು ಕೈಗಿತ್ತರು. ಹೊಲಿದವರ ಹೆಸರು, ಊರು, ಉದ್ದ, ಅಗಲ. ಎಲ್ಲಕ್ಕಿಂತ ಕೆಳಗೆ, ‘ಒಳಗೆ ತುಂಬಿದ್ದು’. ಆ ಕಡೆಯ ಸಾಲು ಓದಿದ್ದೇ ತಡ, ನನ್ನ ಮೈಯೆಲ್ಲ ಉರಿಯಿತು. ಪಾಪ, ಅವರಿಗೇನು ಗೊತ್ತು. ಮುದುಕಿಗೆ ಯಾಕೋ ಸಿಟ್ಟು ಬಂತೆಂದು ಚಹಾ ಕೂಡ ಮುಗಿಸದೆ ಎದ್ದು ಹೋದರು.

ಆಗ ಎರಡನೆಯ ಮಹಾಯುದ್ಧದ ಕಾಲ. ನಾನು ಇದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ನನ್ನ ಬಾಡಿಗೆ ಮನೆಯ ಹಿಂದೆಯೇ ಆಯಿಯ ಮನೆ. ಓಣಿಗೆಲ್ಲ ಆಕೆ ಆಯಿ, ನನಗೂ ಆಯಿ. ಬಟ್ಟೆಗೆ ರೇಷನ್ ಬಂದು ಹರಿದ ಸೀರೆಯೂ ಬಂಗಾರವಾದ ದಿನಗಳವು. ಹೆಂಗಸರು ಹಳೆಯ ಸೀರೆ, ಸವೆದ ಧೋತರ ತಂದು ಆಕೆಯ ಪಡಸಾಲೆಯಲ್ಲಿ ಹಾಕಿ ಹೋಗುತ್ತಿದ್ದರು. ಆಯಿ ಅವನ್ನು ಒಗೆದು, ಪದರದ ಮೇಲೆ ಪದರ ಹಾಸಿ, ಅದರ ಮೇಲೆಯೇ ಕುಳಿತು, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನತನಕ ಹೊಲಿಯುತ್ತಿದ್ದಳು. ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಆಕೆಯ ಕೌದಿಯಲ್ಲೇ ಮಲಗಿದವು.

ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಬಿಟ್ಟಿರುತ್ತಿದ್ದಳು. ಕಡೆಯ ದಿನ ಒಂದು ಜೋಳದ ರೊಟ್ಟಿ ಬಡಿದು, ಒಲೆಯ ಪಕ್ಕಕ್ಕೆ ನಿಲ್ಲಿಸಿ ಗರಿಗರಿ ಕಟಕ ಮಾಡಿ, ಅಂಗೈಯಗಲದ ಚೂರೊಂದನ್ನು ಆ ಮೂಲೆಯೊಳಗೆ ಇಟ್ಟು ಹೊಲಿದುಬಿಡುತ್ತಿದ್ದಳು. ಮೊದಲ ಸಲ ಕಂಡಾಗ ನಾನು ನಕ್ಕಿದ್ದೆ.

“ನಗಬ್ಯಾಡ್ರಿ ಅಕ್ಕೋರ,” ಅಂದಿದ್ದಳು. “ಕೌದಿ ಹಸಿದಿರಬಾರ್ದು. ತಾನ ಹಸಿದಿದ್ರ ಇನ್ನೊಬ್ರನ್ನ ಹೆಂಗ ಬೆಚ್ಚಗ ಇಟ್ಟೀತು?”

ಈ ಊರಿನ ಯಾವ ಹೆಂಗಸಿಗೂ ಇದು ಹೊಸದಲ್ಲ. ಎಲ್ಲರೂ ಇಡುತ್ತಿದ್ದರು. ಹೊಸದಾಗಿದ್ದದ್ದು ನನಗೆ, ನಾಲ್ಕು ಪುಸ್ತಕ ಓದಿ ಬಂದವಳಿಗೆ.

ಆ ವರ್ಷ ಆಯಿಯ ಒಬ್ಬಳೇ ಮಗಳು ರಟ್ಟೀಹಳ್ಳಿಯಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು. ತೊಟ್ಟಿಲ ಜೊತೆ ಕಳಿಸಲೆಂದು ಆಯಿ ತನ್ನ ಮದುವೆಯ ಸೀರೆಯನ್ನೇ ಮೇಲುಹಾಸು ಮಾಡಿ ಕೌದಿ ಹೊಲಿದಳು. ಅಷ್ಟರಲ್ಲಿ ಬೀಗತಿ ಹೇಳಿ ಕಳಿಸಿದಳು: ಕಂಡವರ ಹಳೆ ಬಟ್ಟೆ-ಅರಿವಿ ನಮ್ಮ ಕೂಸಿಗೆ ಬೇಡ. ಆಯಿ ಎರಡು ದಿನ ಸೂಜಿ ಮುಟ್ಟಲಿಲ್ಲ.

ಅದೇ ಹೊತ್ತಿಗೆ ಸರಕಾರದವರು ಒಕ್ಕಲುತನದ ಪ್ರದರ್ಶನದ ಡಂಗುರ ಹೊಡೆಸಿದರು. ಶಾಲೆಯ ಬಯಲಲ್ಲಿ ಎತ್ತು, ಕಬ್ಬು, ಭತ್ತದ ತಳಿ. ಒಳಗೊಂದು ಕೋಣೆಯಲ್ಲಿ ಹೆಂಗಸರ ಕೈಕೆಲಸ. “ಕೌದಿ ಅಲ್ಲಿಡ್ರಿ ಆಯಿ, ಇನಾಮು ಬಂದ್ರ ಬೀಗತಿ ಬಾಯಿ ತಾನ ಮುಚ್ಚತೈತಿ” ಎಂದವಳು ನಾನೇ. ಹೌದು, ನಾನೇ.

ಅರ್ಜಿ ತುಂಬಿದವಳೂ ನಾನೇ. ಆಯಿಗೆ ಓದು ಬರಹ ಇರಲಿಲ್ಲ. ‘ಒಳಗೆ ತುಂಬಿದ್ದು’ ಎಂಬಲ್ಲಿ ‘ಹಳೆಯ ಸೀರೆ’ ಎಂದು ಬರೆದೆ. ಆಕೆ ಪಕ್ಕದಲ್ಲೇ ಕುಳಿತಿದ್ದಳು.

“ರೊಟ್ಟಿ ಐತಿ ಅಂತನೂ ಬರೀರಿ. ಮುಚ್ಚಿಡೂದೇನೈತಿ ಅದರಾಗ?”

ನಾನು ಬರೆಯಲಿಲ್ಲ. ಧಾರವಾಡದಿಂದ ಬರುವ ದೊಡ್ಡ ಮಂದಿ ನಕ್ಕಾರು, ಹೊಲಿಗೆ ಟೀಚರಾಗಿದ್ದೂ ಇಂಥದ್ದನ್ನು ಒಪ್ಪಿದಳಲ್ಲ ಎಂದಾರು, ಅನ್ನಿಸಿತು. ಬರೆದಂತೆ ಕೈಯಾಡಿಸಿದೆ. “ಓದ್ರಿ ನೋಡೂಣು,” ಅಂದಳು. “ಹಳೆಯ ಸೀರೆ, ಮತ್ತು ರೊಟ್ಟಿ” ಎಂದು ಗಟ್ಟಿಯಾಗಿ ಓದಿದೆ. “ಹೂಂ, ಚಲೋ ಆತು,” ಎಂದು ಹೆಬ್ಬೆಟ್ಟು ಒತ್ತಿದಳು.

ನಿರ್ಣಯಕ್ಕೆ ಬಂದವರು ಯಾರೋ ಸಾಹೇಬರ ಹೆಂಡತಿ. ಎಲ್ಲರೂ ಬಾಯಿಸಾಹೇಬರು ಅನ್ನುತ್ತಿದ್ದರು. ಕೈಯಲ್ಲೊಂದು ಅಳತೆಪಟ್ಟಿ. ಅಂಗುಲಕ್ಕೆ ಎಷ್ಟು ಹೊಲಿಗೆ ಬಿದ್ದಿವೆ, ಅಂಚು ನೆಟ್ಟಗಿದೆಯೋ ಇಲ್ಲವೋ, ಹಿಂಬದಿಯಲ್ಲಿ ಗಂಟು ಕಾಣುತ್ತದೆಯೋ... ಕೌದಿಯನ್ನು ಕರ್ಚೀಫಿನಂತೆ ಪರೀಕ್ಷಿಸಿದಳು ಆ ಮಹಾತಾಯಿ. ಒಂದನ್ನಾದರೂ ಹೆಗಲ ಮೇಲೆ ಎಳೆದುಕೊಳ್ಳಲಿಲ್ಲ, ಕಾಲಿಗೆ ಹೊದ್ದು ನೋಡಲಿಲ್ಲ. ಹೊದೆಯುವ ವಸ್ತುವನ್ನು ಹೊದೆಯದೆ ಅಳೆಯುವ ಬುದ್ಧಿವಂತಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಯಿಯ ಕೌದಿಯ ಮುಂದೆ ಮಾತ್ರ ಬಹಳ ಹೊತ್ತು ನಿಂತಳು. ಹೊಲಿಗೆ ಎಣಿಸಿದಳು, ತಲೆದೂಗಿದಳು. ಬಾಗಿಲ ಹತ್ತಿರ ಬೀಗತಿಯೂ ಇದ್ದಳು, ನೋಡಲೆಂದೇ ಬಂದಿದ್ದಳು. ಆಯಿ ಸೆರಗು ಸರಿಮಾಡಿಕೊಂಡಳು. ಆಗ ಬಾಯಿಸಾಹೇಬರ ಬೆರಳು ನಾಲ್ಕನೆಯ ಮೂಲೆಗೆ ತಾಗಿತು.

“ಒಳಗ ಏನೋ ಗಟ್ಟಿ ಹತ್ತತದಲ್ಲ?”

ಆಯಿ ಹೇಳಲು ಬಾಯಿ ತೆರೆಯುವುದರೊಳಗೆ ಬಾಯಿಸಾಹೇಬರ ಕೈಗೆ ಕತ್ತರಿ ಬಂದು ಕಚಕ್ಕನೆ ಮೂಲೆ ಸೀಳಿತು. ರೊಟ್ಟಿಯ ಚೂರು ಮೇಜಿನ ಮೇಲೆ ಬಿತ್ತು. ಬಾಯಿಸಾಹೇಬರು ಅದನ್ನು ಅಳತೆಪಟ್ಟಿಯ ತುದಿಯಿಂದ ಆಚೆ ತಳ್ಳಿದರು.

“ಶೀ, ಏನ್ ಹೊಲಸು. ಕೂಸು ಹೊದಿಯೂದರಾಗ ಮುಸುರಿ? ಇಲಿ ಬರ್ತಾವ, ಹುಳಾ ಬೀಳ್ತಾವ. ಅರ್ಜಿಯೊಳಗ ನೋಡಿದ್ರ ಬರೇ ಹಳೇ ಸೀರಿ ಅಂತದ. ಇದನ್ನ ಯಾಕ ಮುಚ್ಚಿಟ್ಟೀರಿ?”

ಆಯಿ ನನ್ನ ಕಡೆ ತಿರುಗಿ ನೋಡಿದಳು. ಅರ್ಜಿ ತುಂಬಿದವರು ಇವರು ಎಂದು ಬೆರಳು ತೋರಿಸಿದ್ದರೆ ನಾನು ಈ ಪಾಪದಿಂದ ಉಳಿಯುತ್ತಿದ್ದೆ. ತೋರಿಸಲಿಲ್ಲ. ಆ ಕೋಣೆಯಲ್ಲಿ ಮೂವತ್ತು ಕೌದಿಗಳಿದ್ದಿರಬೇಕು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ರೊಟ್ಟಿ ಇತ್ತು. ಅವುಗಳ ಒಡತಿಯರೆಲ್ಲ ತಲೆ ತಗ್ಗಿಸಿ ನೆಲ ನೋಡಿದರು. ನಾನೂ ನೋಡಿದೆ. ನನ್ನ ನಾಲಿಗೆಗೆ ಅಂದು ಯಾವ ದೊಡ್ಡರೋಗ ಬಂದಿತ್ತೋ.

ಇನಾಮು ಹೋದದ್ದು ಹೊಸ ಮಿಲ್ ಬಟ್ಟೆಯ, ಗುಲಾಬಿ ಹೂವಿನ ಕೌದಿಗೆ. ಜನಕ್ಕೆ ಉಡಲು ಬಟ್ಟೆ ಇಲ್ಲದಾಗ ಹೊಸ ಬಟ್ಟೆ ಕತ್ತರಿಸಿ ಕೌದಿ ಮಾಡಿದ್ದರು. ಅದಕ್ಕೆ ಚಪ್ಪಾಳೆ.

ತಿಂಗಳಾದ ಮೇಲೆ ಕೂಸು ತೊಟ್ಟಿಲ ಸಮೇತ ರಟ್ಟೀಹಳ್ಳಿಗೆ ಹೊರಟಿತು. ಗಾಡಿ ಏರಿಸುವಾಗ ಬೀಗತಿ ಕೌದಿಯನ್ನು ತೆಗೆದು ಕಟ್ಟೆಯ ಮೇಲಿಟ್ಟಳು. “ಸರಕಾರದವ್ರ ಹೊಲಸು ಅಂದಾರ. ನಮಗ್ಯಾಕ್ರಿ ಇದು.” ಮಗಳು ಅಳುತ್ತಲೇ ಹೋದಳು. ಆಯಿ ಅಳಲಿಲ್ಲ. ಸಂಜೆ ಹಿತ್ತಲ ಬಾಗಿಲಿಗೆ ಬಂದು ಕೌದಿಯನ್ನು ನನ್ನ ಕೈಗೆ ಹಾಕಿದಳು.

“ನೀವ ಇಟ್ಕೋರಿ ಅಕ್ಕೋರ. ಓದಾಕ ಬರ್ತಿದ್ರ ಅರ್ಜಿ ನಾನ ನೋಡ್ಕೋತಿದ್ದೆ...”

ಅಷ್ಟೇ. ಮುಂದೆ ಆಕೆ ಯಾರ ಕೌದಿಯನ್ನೂ ಹೊಲಿಯಲಿಲ್ಲ. ನಾನು ವರ್ಗವಾಗಿ ಸವಣೂರಿಗೆ ಹೋದೆ, ಈ ಊರಿಗೆ ಮರಳಿದ್ದು ನಿವೃತ್ತಿಯಾದ ಮೇಲೆಯೇ. ಅಲ್ಲಿದ್ದಾಗಲೇ ಕೇಳಿದೆ, ಆಯಿ ತೀರಿಕೊಂಡಳೆಂದು... ಯಾವ ತಿಂಗಳೋ ಈಗ ನೆನಪಿಲ್ಲ.

ಸಿಟ್ಟಿಳಿದ ಮೇಲೆ ಆ ಹುಡುಗಿಯರ ಸ್ಪರ್ಧೆಗೆ ಹೋದೆ. ಅಳತೆಪಟ್ಟಿ ಕೊಟ್ಟರು, ಮುಟ್ಟಲಿಲ್ಲ. ಒಂದೊಂದೇ ಕೌದಿಯ ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಹಿಸುಕುತ್ತ ಹೋದೆ. ಎಲ್ಲವೂ ಮೆತ್ತಗಿದ್ದವು. ಒಂದರಲ್ಲೂ ಇರಲಿಲ್ಲ.

“ಏನ್ ಹುಡುಕಾಕತ್ತೀರಿ ಅಜ್ಜಿ?” ಎಂದಳು ಆ ಹುಡುಗಿಯರಲ್ಲೊಬ್ಬಳು.

“ರೊಟ್ಟಿ,” ಎಂದೆ. ಅವಳು ನಕ್ಕಳು. ಒಂದು ಕಾಲಕ್ಕೆ ನಾನೂ ನಕ್ಕಿದ್ದೆನಲ್ಲ, ಏನೆನ್ನಲಿ.

ಉಳಿದ ಖಾಲಿ ಅರ್ಜಿಯೊಂದನ್ನು ಕೇಳಿ ತಂದಿದ್ದೇನೆ. ಮೂಲೆ ಸೀಳಿದ ಕೌದಿಯನ್ನು ಮಡಿಲಲ್ಲಿ ಹಾಕಿಕೊಂಡು ಆಯಿಯ ಹೆಸರು, ಊರು, ಉದ್ದ, ಅಗಲ ತುಂಬಿದೆ. ಕೆಳಗೆ, ‘ಹಳೆಯ ಸೀರೆ, ಮತ್ತು ರೊಟ್ಟಿ’ ಎಂದು ಬರೆದೆ. ಗಟ್ಟಿಯಾಗಿ ಓದಿದೆ ಕೂಡ. ಹೂಂ ಅನ್ನುವುದಕ್ಕೆ ಆಯಿ ಇಲ್ಲ.